ಕಂಟೇನರ್ ಇಮೇಜಿನಿಂದ ಇನ್‌ಸ್ಟಾಲರ್: ಎಷ್ಟು ಸಲ ಕಟ್ಟಬೇಕು?

ಪ್ರಶ್ನೆ: ನಮ್ಮ ಪಾಲಿಟೆಕ್ನಿಕ್ ಲ್ಯಾಬಿನ ಕಂಪ್ಯೂಟರುಗಳಿಗೆ ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಲಿನಕ್ಸ್ ಹಾಕಿ, ಕಂಪೈಲರ್, ಕನ್ನಡ ಫಾಂಟು, ಕೀಬೋರ್ಡ್ ಸೆಟ್ಟಿಂಗುಗಳನ್ನು ಒಂದೊಂದಾಗಿ ಜೋಡಿಸುತ್ತೇವೆ. ಕಂಟೇನರ್ ಇಮೇಜಿನಿಂದಲೇ (ತಂತ್ರಾಂಶಗಳನ್ನು ಒಟ್ಟಿಗೆ ಕಟ್ಟಿಟ್ಟ ಪೊಟ್ಟಣದಿಂದಲೇ) ಇನ್‌ಸ್ಟಾಲರ್ ಐಎಸ್‌ಒ (ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಬಹುದಾದ ಡಿಸ್ಕ್ ಕಡತ) ತಯಾರಿಸಬಹುದೆಂದು ತಿಳಿಯಿತು. ಇಮೇಜು ಬದಲಾದಾಗಲೆಲ್ಲ ಐಎಸ್‌ಒ ತಾನಾಗಿಯೇ ಸಿದ್ಧವಾಗುವಂತೆ ಮಾಡುವುದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ತಾನಾಗಿಯೇ ಸಿದ್ಧವಾಗುವಂತೆ ಖಂಡಿತ ಮಾಡಬಹುದು, ಆದರೆ ಇಮೇಜು ಬದಲಾದಾಗಲೆಲ್ಲ ಮಾಡುವ ಅಗತ್ಯವಿಲ್ಲ.

ಸಾಮಾನ್ಯ ಕಂಟೇನರ್ ಇಮೇಜಿನಲ್ಲಿ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು, ಇರುವುದಿಲ್ಲ. ಅದು ತಾನು ನಡೆಯುವ ಯಂತ್ರದ ಕರ್ನಲನ್ನೇ ಬಳಸಿಕೊಳ್ಳುತ್ತದೆ. ಆದ್ದರಿಂದ ಯಾವುದೋ ಒಂದು ಇಮೇಜನ್ನು ತಂದು ಡಿಸ್ಕಿಗೆ ಸುರಿದರೆ ಅದು ಬೂಟ್ ಆಗದು. ಕಂಟೇನರ್ ಇಮೇಜಿನಿಂದಲೇ ಯಂತ್ರವನ್ನು ಬೂಟ್ ಮಾಡಿ ಅಪ್‌ಡೇಟ್ ಮಾಡುವ ಸಾಧನವಾದ ಬೂಟ್‌ಸಿ ಯೋಜನೆಗೆಂದು ಫೆಡೋರಾ ಮತ್ತು ಸೆಂಟೋಸ್ ಸ್ಟ್ರೀಮ್ ಎಂಬ ಲಿನಕ್ಸ್ ಆವೃತ್ತಿಗಳ ತಂಡಗಳು ಒದಗಿಸುವ ಮೂಲ ಇಮೇಜುಗಳಲ್ಲಿ ಕರ್ನಲ್, ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿ, ಬೂಟ್‌ಲೋಡರ್ ಎಲ್ಲವೂ ಸೇರಿರುತ್ತವೆ. ನಿಮ್ಮ ಕಂಟೇನರ್‌ಫೈಲಿನ (ಇಮೇಜು ಕಟ್ಟುವ ಆದೇಶಗಳ ಪಠ್ಯ ಕಡತದ) ಮೊದಲ ಸಾಲಿನಲ್ಲಿ ಅಂಥದೊಂದನ್ನು ಹೆಸರಿಸಿ, ಪ್ಯಾಕೇಜ್ ಹಾಕುವ ಡಿಎನ್‌ಎಫ್ ಮೂಲಕ ಡೆಸ್ಕ್‌ಟಾಪ್, ಜಿಸಿಸಿ ಕಂಪೈಲರ್, ನೋಟೊ ಕನ್ನಡ ಫಾಂಟು, ಕನ್ನಡ ಟೈಪಿಂಗಿಗೆ ಐಬಸ್‌ನ ಎಂ17ಎನ್ ಪ್ಯಾಕೇಜ್ ಸೇರಿಸಿ, ಕೊನೆಯ ಸಾಲಿನಲ್ಲಿ ‘ಬೂಟ್‌ಸಿ ಕಂಟೇನರ್ ಲಿಂಟ್’ ಆದೇಶವನ್ನು ಇಡಿ. ಇಮೇಜಿನ ರಚನೆಯಲ್ಲಿ ಎದ್ದುಕಾಣುವ ದೋಷವಿದ್ದರೆ ಅದು ಅಲ್ಲಿಯೇ ಬಿಲ್ಡನ್ನು ನಿಲ್ಲಿಸುತ್ತದೆ.

ಹೀಗೆ ಸಿದ್ಧವಾದ ಇಮೇಜನ್ನು ಐಎಸ್‌ಒ ಮಾಡುವ ಕೆಲಸ ಬೂಟ್‌ಸಿ ಇಮೇಜ್ ಬಿಲ್ಡರಿನದು. ಇದು ತಾನೂ ಒಂದು ಕಂಟೇನರ್ ಆಗಿದ್ದು, ಕಂಟೇನರುಗಳನ್ನು ನಡೆಸುವ ಪಾಡ್‌ಮನ್‌ನಲ್ಲಿ ರೂಟ್ (ಮುಖ್ಯ ಆಡಳಿತಗಾರನ) ಅಧಿಕಾರದೊಂದಿಗೆ, ಪ್ರಿವಿಲೆಜ್ಡ್ ಆಯ್ಕೆ ಕೊಟ್ಟು ಓಡಿಸಬೇಕಾಗುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ: ಸಾಮಾನ್ಯ ಬಳಕೆದಾರನಾಗಿ ಬಿಲ್ಡ್ ಮಾಡಿದ ಇಮೇಜು ಆ ಬಳಕೆದಾರನ ಸಂಗ್ರಹದಲ್ಲಿರುತ್ತದೆ, ಬಿಲ್ಡರ್ ಹುಡುಕುವುದು ರೂಟ್ ಸಂಗ್ರಹದಲ್ಲಿ, ಹೀಗಾಗಿ ಕಣ್ಣೆದುರಿಗಿರುವ ಇಮೇಜೇ ಇಲ್ಲವೆಂಬ ಸಂದೇಶ ಬರುತ್ತದೆ. ಇಮೇಜನ್ನು ಮೊದಲು ರಿಜಿಸ್ಟ್ರಿಗೆ (ಇಮೇಜುಗಳನ್ನು ಇಡುವ ಸರ್ವರಿಗೆ) ಕಳಿಸಿ, ಅಲ್ಲಿಂದ ರೂಟ್ ಆಗಿ ಪುಲ್ ಮಾಡಿಕೊಳ್ಳುವುದು ಲೇಸು. ಫೆಡೋರಾ ಆಧಾರಿತ ಇಮೇಜಾದರೆ ಫೈಲ್‌ಸಿಸ್ಟಮ್ ಯಾವುದೆಂದು, ಅಂದರೆ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಎಂದು, ನೀವೇ ಹೇಳಬೇಕು. ಫೆಡೋರಾದ ಇನ್‌ಸ್ಟಾಲರ್ ಆದ ಅನಕೊಂಡವನ್ನು ಬಳಸುವ ‘ಅನಕೊಂಡ ಐಎಸ್‌ಒ’ ಬಗೆಯನ್ನು ಆರಿಸಿದರೆ ಇಡೀ ಇಮೇಜು ಐಎಸ್‌ಒ ಒಳಗೇ ಸೇರಿಕೊಳ್ಳುತ್ತದೆಯಾದ್ದರಿಂದ, ಲ್ಯಾಬಿನ ಇಂಟರ್ನೆಟ್ ಕೈಕೊಟ್ಟ ದಿನವೂ ಇನ್‌ಸ್ಟಾಲ್ ನಡೆಯುತ್ತದೆ.

ಇನ್ನು ಸ್ವಯಂಚಾಲನೆ. ಗಿಟ್‌ಹಬ್ ತಾಣದ ಸ್ವಯಂಚಾಲನಾ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನಲ್ಲಾಗಲಿ ನಿಮ್ಮದೇ ಸರ್ವರಿನಲ್ಲಾಗಲಿ ಎರಡು ಪ್ರತ್ಯೇಕ ವರ್ಕ್‌ಫ್ಲೋಗಳನ್ನು (ತಾನಾಗಿ ನಡೆಯುವ ಕೆಲಸಗಳ ಸರಣಿಗಳನ್ನು) ಇಟ್ಟುಕೊಳ್ಳಿ. ಕಂಟೇನರ್‌ಫೈಲ್ ಬದಲಾದಾಗ ಮತ್ತು ವಾರಕ್ಕೊಮ್ಮೆ ತಾನಾಗಿ ಇಮೇಜನ್ನು ಕಟ್ಟಿ ರಿಜಿಸ್ಟ್ರಿಗೆ ಕಳಿಸುವುದು ಒಂದು. ಐಎಸ್‌ಒ ಕಟ್ಟುವುದು ಇನ್ನೊಂದು, ಅದನ್ನು ಬೇಕೆಂದಾಗ ಕೈಯಾರೆ ಚಾಲೂ ಮಾಡಿದರೆ ಸಾಕು. ಏಕೆಂದರೆ ಒಮ್ಮೆ ಇನ್‌ಸ್ಟಾಲ್ ಆದ ಯಂತ್ರವು ‘ಬೂಟ್‌ಸಿ ಅಪ್‌ಗ್ರೇಡ್’ ಎಂದಾಗ ರಿಜಿಸ್ಟ್ರಿಯಿಂದ ಬದಲಾದ ಪದರಗಳನ್ನಷ್ಟೇ ತಂದುಕೊಂಡು, ಮುಂದಿನ ರೀಬೂಟಿನಲ್ಲಿ ಹೊಸ ವ್ಯವಸ್ಥೆಗೆ ಹೋಗುತ್ತದೆ. ತೊಂದರೆಯಾದರೆ ‘ಬೂಟ್‌ಸಿ ರೋಲ್‌ಬ್ಯಾಕ್’ ಹಿಂದಿನದಕ್ಕೆ ಮರಳಿಸುತ್ತದೆ. ಐಎಸ್‌ಒ ಬೇಕಾಗುವುದು ಖಾಲಿ ಡಿಸ್ಕಿಗೆ ಮಾತ್ರ. ಮೂಲ ಆವೃತ್ತಿ ಬದಲಾದಾಗ, ಹಳೆಯ ಕರ್ನಲ್ ಗುರುತಿಸದ ಹೊಸ ಯಂತ್ರಗಳು ಬಂದಾಗ, ಪಾರ್ಟಿಷನ್ ವಿನ್ಯಾಸ ಬದಲಿಸಬೇಕೆನಿಸಿದಾಗ ಅದನ್ನು ಮರಳಿ ಕಟ್ಟಿದರೆ ಸಾಕು.

ಇದಕ್ಕೆ ಒಂದು ಷರತ್ತಿದೆ. ಐಎಸ್‌ಒ ಕಟ್ಟುವಾಗ ಇಮೇಜಿಗೆ ಲೋಕಲ್‌ಹೋಸ್ಟ್ ಎಂದು ಆರಂಭವಾಗುವ ಹೆಸರಿದ್ದರೆ, ಇನ್‌ಸ್ಟಾಲ್ ಆದ ಯಂತ್ರಗಳು ಅಪ್‌ಡೇಟಿಗಾಗಿ ಎಲ್ಲಿಯೂ ಇಲ್ಲದ ವಿಳಾಸವನ್ನು ಹುಡುಕುತ್ತ ಕೂರಬಹುದು. ಮೊದಲ ಯಂತ್ರ ಸಿದ್ಧವಾದೊಡನೆ ‘ಬೂಟ್‌ಸಿ ಸ್ಟೇಟಸ್’ ತೋರಿಸುವ ವಿಳಾಸವನ್ನು ನೋಡಿ. ತಪ್ಪಿದ್ದರೆ ‘ಬೂಟ್‌ಸಿ ಸ್ವಿಚ್’ ಮೂಲಕ ರಿಜಿಸ್ಟ್ರಿಯತ್ತ ತಿರುಗಿಸಿ, ಉಳಿದ ಯಂತ್ರಗಳಿಗೆ ಕೈಹಾಕುವ ಮುನ್ನ ಐಎಸ್‌ಒವನ್ನೂ ಸರಿಪಡಿಸಿ. ಅಂತೆಯೇ, ವಿದ್ಯಾರ್ಥಿಗಳ ಕಡತಗಳಿರುವ ವಾರ್ (/var) ಡೈರೆಕ್ಟರಿಯನ್ನು ಅಪ್‌ಗ್ರೇಡ್ ಮುಟ್ಟುವುದಿಲ್ಲ. ಅದು ಅನುಕೂಲವೇ, ಆದರೆ ಇಮೇಜಿನ ವಾರ್ ಡೈರೆಕ್ಟರಿಯಲ್ಲಿ ನೀವು ಇಟ್ಟದ್ದು ಮೊದಲ ಇನ್‌ಸ್ಟಾಲಿನಲ್ಲಿ ಮಾತ್ರ ಯಂತ್ರ ಸೇರುತ್ತದೆ, ನಂತರದ ಬದಲಾವಣೆಗಳು ತಲುಪುವುದಿಲ್ಲ. ಆದ್ದರಿಂದ ಪಾಠದ ಸಾಮಗ್ರಿಯನ್ನು ಯುಎಸ್‌ಆರ್ (/usr) ಡೈರೆಕ್ಟರಿಯ ಅಡಿಯಲ್ಲಿ ಇಡಿ.

ಸಿದ್ಧವಾದ ಐಎಸ್‌ಒವನ್ನು ಎಲ್ಲಿಡಬೇಕೆಂಬುದನ್ನೂ ಯೋಚಿಸಿ. ಗಿಟ್‌ಹಬ್‌ನ ರಿಲೀಸ್ ಪುಟದಲ್ಲಿ ಪ್ರತಿ ಕಡತವೂ 2 ಜಿಬಿಗಿಂತ ಕಡಿಮೆ ಇರಬೇಕು. ಡೆಸ್ಕ್‌ಟಾಪ್ ಸೇರಿದ ಐಎಸ್‌ಒ ಸುಲಭವಾಗಿ ಅದನ್ನು ಮೀರುವುದರಿಂದ ಕಾಲೇಜಿನ ಸರ್ವರಿನಲ್ಲೇ ಅದಕ್ಕೊಂದು ಜಾಗ ಮಾಡಿ.

ಪ್ರಶ್ನೆ: ಇಂಥ ಐಎಸ್‌ಒ ಇರುವ ಪೆನ್‌ಡ್ರೈವಿನಿಂದ ಯಾರಾದರೂ ವಿಂಡೋಸ್ ಇರುವ ಲ್ಯಾಪ್‌ಟಾಪನ್ನು ಬೂಟ್ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುವುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಳಿಸಿಹೋಗಬಹುದು. ಕಿಕ್‌ಸ್ಟಾರ್ಟ್ (ಇನ್‌ಸ್ಟಾಲರಿಗೆ ಮೊದಲೇ ಬರೆದಿಡುವ ಉತ್ತರಗಳ ಕಡತ) ಕೊಡದೆ ಕಟ್ಟಿದ ಅನಕೊಂಡ ಐಎಸ್‌ಒ ಯಾರನ್ನೂ ಕೇಳದೆ, ಸಿಕ್ಕ ಮೊದಲ ಡಿಸ್ಕಿಗೆ ಇನ್‌ಸ್ಟಾಲ್ ಮಾಡುವಂತೆ ರೂಪಿತವಾಗಿದೆ. ಲ್ಯಾಬಿಗೆ ಇದು ವರ, ಸ್ವಂತ ಲ್ಯಾಪ್‌ಟಾಪಿಗೆ ಆಪತ್ತು. ಬಿಲ್ಡರಿಗೆ ಕೊಡುವ ಕಾನ್ಫಿಗ್ ಕಡತದಲ್ಲಿ ನಿಮ್ಮದೇ ಕಿಕ್‌ಸ್ಟಾರ್ಟ್ ಕೊಟ್ಟರೆ, ಬಿಲ್ಡರ್ ಅದಕ್ಕೆ ಇಮೇಜನ್ನು ಇನ್‌ಸ್ಟಾಲ್ ಮಾಡಲು ಬೇಕಾದುದನ್ನು ಮಾತ್ರ ಸೇರಿಸುತ್ತದೆ. ಡಿಸ್ಕ್ ಅಳಿಸುವ ಮತ್ತು ಪಾರ್ಟಿಷನ್ ಮಾಡುವ ಸಾಲುಗಳನ್ನು ಬಿಟ್ಟುಬಿಟ್ಟರೆ ಇನ್‌ಸ್ಟಾಲರ್ ಆ ಹಂತದಲ್ಲಿ ನಿಂತು, ಎದುರಿಗಿರುವವರು ಡಿಸ್ಕನ್ನು ಆರಿಸುವವರೆಗೆ ಕಾಯುತ್ತದೆ. ಆದರೆ ಕಿಕ್‌ಸ್ಟಾರ್ಟ್ ಬಳಸಿದಾಗ ಬಳಕೆದಾರರ ವಿವರಗಳನ್ನೂ ಅದರಲ್ಲಿಯೇ ಬರೆಯಬೇಕು, ಕಾನ್ಫಿಗ್‌ನ ಬೇರೆ ವಿಭಾಗದಲ್ಲಿ ಬರೆಯುವಂತಿಲ್ಲ. ಅಲ್ಲಿ ಬರೆದ ಪಾಸ್‌ವರ್ಡ್ ಐಎಸ್‌ಒ ತೆರೆದು ನೋಡಿದ ಯಾರಿಗೂ ಸಿಗುತ್ತದೆಯಾದ್ದರಿಂದ ಹ್ಯಾಶ್ ಮಾಡಿದ್ದನ್ನೇ (ಮೂಲಕ್ಕೆ ಮರಳಿಸಲು ಕಷ್ಟವಾದ ಸಂಕೇತರೂಪವನ್ನೇ) ಬಳಸಿ. ಸಾರ್ವಜನಿಕವಾಗಿ ಹಂಚುವ ಐಎಸ್‌ಒದಲ್ಲಿ ಅದೂ ಬೇಡ, ಖಾತೆಯನ್ನು ಇನ್‌ಸ್ಟಾಲ್ ಮಾಡುವವರೇ ತೆರೆದುಕೊಳ್ಳಲಿ.