ರಸೀದಿ ಪುಸ್ತಕ ನನ್ನ ಕೈಯಲ್ಲಿತ್ತು

ಪ್ರಾರ್ಥನೆಯಲ್ಲಿ ಕಣ್ಣೀರಿಡುವ, ಬೈಬಲನ್ನು ಬಾಯಿಪಾಠ ಒಪ್ಪಿಸುವ ಮನುಷ್ಯನೇ ಸಭೆಗೆ, ಎಂದರೆ ನಿಮ್ಮ ಚರ್ಚಿಗೆ, ಮೋಸ ಮಾಡಿದ್ದಾನೆ, ಇಂಥವನು ನಿಜವಾದ ಕ್ರೈಸ್ತನೇ ಎಂದು ಕೇಳಿದ್ದೀರಿ. 19 ವರ್ಷಗಳ ಹಿಂದೆ ನಾನೂ ಇದನ್ನೇ ಕೇಳುತ್ತಾ ಕುಳಿತಿದ್ದೆ. ಹಾಗೆ ಕುಳಿತದ್ದರಿಂದಲೇ ಒಬ್ಬ ಹೆಂಗಸಿಗೆ ಸಿಗಬೇಕಾದ ನ್ಯಾಯ ಸಿಗದೆ ಹೋಯಿತು.

ಸಭೆಯ ಕಮಿಟಿಯಲ್ಲಿ ಆಗ ನಾನು ಎಲ್ಲರಿಗಿಂತ ಕಿರಿಯ. ವಿಧವೆಯರ ಸಹಾಯನಿಧಿ ಒಬ್ಬ ಹಿರಿಯರ ವಶದಲ್ಲಿತ್ತು. ದೀಕ್ಷಾಸ್ನಾನಕ್ಕೆ ಮುಂಚೆ ನನಗೆ ಪಾಠ ಹೇಳಿಕೊಟ್ಟವರೂ ಅವರೇ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಆ ನಿಧಿಯಿಂದ ಸಹಾಯ ಪಡೆಯುತ್ತಿದ್ದ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಒಂದು ರಸೀದಿ ಪುಸ್ತಕ ಕೊಟ್ಟರು. ಹಿಂದಿನ ಕೋಣೆ ಗುಡಿಸುವಾಗ ಬೀರುವಿನಲ್ಲಿ ಸಿಕ್ಕಿತಂತೆ. ಆಕೆಯ ಹೆಸರಿನಲ್ಲಿ 14 ರಸೀದಿಗಳಿದ್ದವು. ಐದರಲ್ಲಿ ಆಕೆಯ ಸಹಿ, ಉಳಿದ ಒಂಬತ್ತರಲ್ಲಿ ಹೆಬ್ಬೆಟ್ಟು. "ನನಗೆ ಸಹಿ ಮಾಡಲು ಬರುತ್ತದೆ" ಎಂದಷ್ಟೇ ಹೇಳಿದರು. ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಷ್ಟು ಸ್ಪಷ್ಟವಾಗಿದ್ದರೂ ನನ್ನ ಬಾಯಿಂದ ಮೊದಲು ಹೊರಟ ಮಾತು, "ಅವರಂಥ ವಿಶ್ವಾಸಿ ಹೀಗೆ ಮಾಡಲಾರರು. ಎಲ್ಲೋ ತಪ್ಪು ತಿಳುವಳಿಕೆ ಆಗಿರಬೇಕು. ಪ್ರಾರ್ಥನೆ ಮಾಡೋಣ" ಎಂಬುದು. ಲೆಕ್ಕ ನೋಡಬೇಕಾದ ಹೊತ್ತಿನಲ್ಲಿ ನಾನು ಮನುಷ್ಯನ ಭಕ್ತಿಯನ್ನು ಅಳೆಯತೊಡಗಿದೆ. ಮೂರು ರಾತ್ರಿ ಅಳೆದೆ. ನಾಲ್ಕನೆಯ ದಿನ ಪುಸ್ತಕವನ್ನು ಎತ್ತಿಕೊಂಡು ಒಬ್ಬನೇ ಆ ಹಿರಿಯರ ಮನೆಗೆ ಹೋಗಿ ಅದನ್ನು ಅವರ ಕೈಯಲ್ಲೇ ಇಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೆದ್ದುತನ ಎಂದುಬಿಟ್ಟರೆ ಸುಲಭ. ಆದರೆ ಆವತ್ತು ನಾನು ಅದನ್ನು ವಿಧೇಯತೆ ಎಂದು ತಿಳಿದೇ ಮಾಡಿದೆ. ಮತ್ತಾಯನ ಸುವಾರ್ತೆ 18ನೇ ಅಧ್ಯಾಯದ 15ನೇ ವಚನ ನನಗೆ ಬಾಯಿಗೆ ಬರುತ್ತಿತ್ತು: ಸಹೋದರನು ತಪ್ಪು ಮಾಡಿದರೆ ಇಬ್ಬರೇ ಇರುವಾಗ ಅವನಿಗೆ ತಿಳಿಸು. ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಅದಕ್ಕೂ ಬಗ್ಗದಿದ್ದರೆ ಸಭೆಗೆ ಹೇಳು. ಕ್ರಮ ಇಷ್ಟು ಚೊಕ್ಕಟವಾಗಿರುವಾಗ ಮೊದಲ ಮೆಟ್ಟಿಲನ್ನು ಹಾರುವುದು ಹೇಗೆ? ಆದರೆ ಆ ತಪ್ಪು ನನ್ನ ವಿರುದ್ಧ ನಡೆದದ್ದೇ ಅಲ್ಲ. ಹಣ ಹೋದದ್ದು ಆಕೆಯದು. "ನಿನಗೆ ವಿರೋಧವಾಗಿ" ಎಂಬ ಮಾತು ಆ ವಚನದಲ್ಲಿ ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಇಲ್ಲ ಎಂದು ಆಮೇಲೆ ಓದಿ ಒಂದಷ್ಟು ದಿನ ಅದನ್ನೇ ಹಿಡಿದು ಸಮಾಧಾನ ಪಟ್ಟುಕೊಂಡೆ. ಆದರೂ ಆ ವಚನ ತಪ್ಪನ್ನು ತಿಳಿಸು ಎನ್ನುತ್ತದೆಯೇ ಹೊರತು ಸಾಕ್ಷ್ಯವನ್ನು ಒಪ್ಪಿಸು ಎನ್ನುವುದಿಲ್ಲ. ಅದೇ ಅಧ್ಯಾಯದ 6ನೇ ವಚನದಲ್ಲಿ ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಮಾತಿದೆ. ಅದನ್ನು ನನಗೆ ಯಾರೂ ಬಾಯಿಪಾಠ ಮಾಡಿಸಿರಲಿಲ್ಲ.

ನಕಲು ತೆಗೆಸಿ ಇಟ್ಟುಕೊಳ್ಳುವ ಯೋಚನೆ ಬರಲಿಲ್ಲವೇ ಎಂದು ಕೇಳುತ್ತೀರಿ. ಬಂದಿತ್ತು. ದಾರಿಯಲ್ಲಿ ಜೆರಾಕ್ಸ್ ಅಂಗಡಿಯ ಮುಂದೆ ಒಂದು ನಿಮಿಷ ನಿಂತೂ ಇದ್ದೆ. ಸಹೋದರನ ಮೇಲೆ ನಂಬಿಕೆ ಇಲ್ಲದವನು ಮಾಡುವ ಕೆಲಸ ಇದು ಎನಿಸಿ ನಾಚಿಕೆಯಾಯಿತು, ಮುಂದೆ ನಡೆದೆ. ಹಿರಿಯರು ಪುಸ್ತಕದ ಪುಟಗಳನ್ನು ನಿಧಾನವಾಗಿ ತಿರುವಿದರು. ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಊರೆಲ್ಲ ಸಾರದೆ ನೇರವಾಗಿ ತಮ್ಮ ಬಳಿಗೆ ಬಂದ ನನ್ನ ಪ್ರೌಢತೆಗಾಗಿ ದೇವರಿಗೆ ಸ್ತೋತ್ರ ಸಲ್ಲಿಸಿದರು. ನಾನು ಹಗುರಾಗಿ ಮನೆಗೆ ಮರಳಿದೆ.

ಎಂಟು ದಿನಗಳ ನಂತರ ಕಮಿಟಿಯ ಮುಂದೆ ಹೊಸ ಪುಸ್ತಕವೊಂದು ಬಂತು. ಹಳೆಯದು ನೀರು ಬಿದ್ದು ಹಾಳಾಯಿತೆಂದರು. ಹೊಸದರಲ್ಲಿ ಹೆಬ್ಬೆಟ್ಟಿನ ಗುರುತು ಒಂದೂ ಇರಲಿಲ್ಲ. ನಾನು ಎದ್ದು ನಿಂತು ಕಂಡದ್ದನ್ನು ಹೇಳಿದೆ. ಪುಸ್ತಕ ಎಲ್ಲಿ ಎಂದು ಕೇಳಿದರು. ಆ ತಾಯಿಗೆ ಚಾಡಿಕೋರಳೆಂಬ ಹೆಸರು ಬಂತು, ಬರುತ್ತಿದ್ದ ಸಹಾಯವೂ ನಿಂತಿತು.

ಒಂದೂವರೆ ವರ್ಷದ ಮೇಲೆ ಬೇರೊಂದು ವ್ಯವಹಾರದಲ್ಲಿ ಸಿಕ್ಕಿಬಿದ್ದು ಆ ಹಿರಿಯರು ತಾವಾಗಿಯೇ ಎಲ್ಲವನ್ನೂ ಒಪ್ಪಿಕೊಂಡರು. ಆಗ ಸಭೆ ಏನು ಹೇಳಿತು ಗೊತ್ತೇ? "ಅವನು ಎಂದೂ ನಿಜವಾದ ಕ್ರೈಸ್ತನಾಗಿರಲೇ ಇಲ್ಲ." ನಿಜವಾದ ವಿಶ್ವಾಸಿಯಾದ್ದರಿಂದ ಕದ್ದಿರಲಾರ ಎಂದಿದ್ದ ಬಾಯಿಗಳೇ ಈಗ ಕದ್ದದ್ದರಿಂದ ವಿಶ್ವಾಸಿಯಾಗಿರಲಾರ ಎಂದವು. ತರ್ಕಶಾಸ್ತ್ರದವರು ಇದಕ್ಕೆ "ನಿಜವಾದ ಸ್ಕಾಟ್ಲೆಂಡಿನವನು" ಎಂಬ ಹೆಸರನ್ನೇ ಇಟ್ಟಿದ್ದಾರೆ. 1970ರ ದಶಕದಲ್ಲಿ ಆಂಟನಿ ಫ್ಲೂ ಎಂಬ ತತ್ತ್ವಜ್ಞಾನಿ ಇದನ್ನು ವಿವರಿಸಿದ: ಸ್ಕಾಟ್ಲೆಂಡಿನವರು ಯಾರೂ ಇಂಥ ನೀಚ ಕೆಲಸ ಮಾಡರು ಎನ್ನುವುದು, ಒಬ್ಬ ಮಾಡಿದನೆಂದು ಗೊತ್ತಾದ ಕೂಡಲೇ ಅವನು ನಿಜವಾದ ಸ್ಕಾಟ್ಲೆಂಡಿನವನಲ್ಲ ಎಂದುಬಿಡುವುದು. ಫ್ಲೂಗೆ ಅದು ವಾದದ ದೋಷ. ನಮ್ಮ ಸಭೆಗೆ ಅದರಿಂದ ಲಾಭವೂ ಆಯಿತು. ಕದ್ದವನು ನಮ್ಮವನೇ ಅಲ್ಲವೆಂದ ಮೇಲೆ ಸಾಲ ನಮ್ಮದು ಹೇಗಾದೀತು? ನಿಧಿಯ ಹಳೆಯ ಲೆಕ್ಕಗಳನ್ನು ಯಾರೂ ತೆರೆಯಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಹಾಗೆಯೇ ಒಪ್ಪಿಕೊಳ್ಳಲಾರೆ. ಅವರು ಕ್ರೈಸ್ತರೇ. ನಮ್ಮವರೇ. ಯೇಸುವಿನ ಶಿಷ್ಯ ಪೇತ್ರನು ಅವನನ್ನು ಅರಿಯೆನೆಂದು ಮೂರು ಸಾರಿ ಅಲ್ಲಗಳೆದದ್ದನ್ನು ಎಲ್ಲರೂ ಹೇಳುತ್ತಾರೆ. ಅದು ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮ ದಿನಕ್ಕೆ ಮುಂಚಿನ ಮಾತು, ಬಿಡಿ. ಅಂತಿಯೋಕ್ಯದಲ್ಲಿ ಅವನು ಯೆಹೂದ್ಯರಲ್ಲದ ಅನ್ಯಜನರೊಂದಿಗೆ ಊಟಕ್ಕೆ ಕೂರುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಎದ್ದು ಹೋದನಲ್ಲ, ಅದು ಆಮೇಲಿನದು. ಅಪೊಸ್ತಲ ಪೌಲ ಅವನನ್ನು ಮುಖಾಮುಖಿಯಾಗಿ ಎದುರಿಸಿದ್ದು ಗಲಾತ್ಯದವರ ಪತ್ರಿಕೆಯ 2ನೇ ಅಧ್ಯಾಯದಲ್ಲಿದೆ. ಕಪಟ ಎಂಬ ಮಾತನ್ನೇ ಬಳಸುತ್ತಾನೆ. ಆದರೆ ಪೇತ್ರ ನಿಜವಾದ ಶಿಷ್ಯನೋ ಅಲ್ಲವೋ ಎಂದು ಅವನು ವಿಚಾರಣೆ ಕೂರಿಸುವುದಿಲ್ಲ, ನೀನು ಮಾಡುತ್ತಿರುವುದು ತಪ್ಪು ಎನ್ನುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 5ನೇ ಅಧ್ಯಾಯದಲ್ಲೂ ಹಾಗೆಯೇ. ಸಹೋದರನೆನಿಸಿಕೊಂಡು ದುಷ್ಟತನ ನಡೆಸುವವನನ್ನು ಹೊರಗಿಡಿ ಎನ್ನುವಾಗ ಅವನ ಅಂತರಂಗ ಎಂಥದ್ದೆಂದು ತೀರ್ಮಾನಿಸಲು ಕಾಯುವುದಿಲ್ಲ.

"ಸ್ವಾಮೀ, ಸ್ವಾಮೀ ಎನ್ನುವವರೆಲ್ಲರೂ ಪರಲೋಕ ಸೇರುವುದಿಲ್ಲ ಎಂದು ಯೇಸುವೇ ಹೇಳಿದ್ದಾನಲ್ಲ" ಎನ್ನಬಹುದು. ಹೌದು, ಮತ್ತಾಯ 7. ಆ ತೀರ್ಪು ಕೊನೆಯ ದಿನದ್ದು, ಕೊಡುವವನು ಅವನು. ಕಮಿಟಿಯ ನಡಾವಳಿಯಲ್ಲಿ ಬರೆದುಕೊಳ್ಳಲು ಅದನ್ನು ನಮಗೆ ಕೊಟ್ಟಿಲ್ಲ. ಗೋದಿಯ ನಡುವೆ ಬೆಳೆದ ಹಣಜಿ ಎಂಬ ಕಳೆಯನ್ನು ಕೀಳಬೇಡಿ, ಸುಗ್ಗಿಯವರೆಗೂ ಬಿಡಿ ಎಂಬ ಮತ್ತಾಯ 13ರ ಸಾಮ್ಯಕಥೆಯನ್ನು ಎತ್ತುವವರೂ ಇದ್ದಾರೆ. ಕದ್ದವನನ್ನು ಅವನ ಸ್ಥಾನದಲ್ಲೇ ಉಳಿಸಲು ಅದನ್ನು ಬಳಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊಲವೆಂದರೆ ಈ ಲೋಕ ಎಂದು ಅದೇ ಅಧ್ಯಾಯದಲ್ಲಿ ಯೇಸು ಬಿಡಿಸಿ ಹೇಳಿದ್ದಾನೆ. ಖಜಾಂಚಿಯ ಕುರ್ಚಿ ಎಂದು ಹೇಳಿಲ್ಲ.

ಆ ದಿನಗಳಲ್ಲಿ ತಳಮಳ ತಾಳಲಾರದೆ ಸಭೆಯ ಇತಿಹಾಸ ಓದತೊಡಗಿದೆ. 303ರಲ್ಲಿ ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರ ಗ್ರಂಥಗಳನ್ನು ಕಿತ್ತುಕೊಂಡು ಸುಡಬೇಕೆಂದು ಆಜ್ಞೆ ಹೊರಡಿಸಿದ. ಹೆದರಿ ಗ್ರಂಥಗಳನ್ನು ಕೊಟ್ಟುಬಿಟ್ಟ ಪಾದ್ರಿಗಳಿದ್ದರು. ಅವರಿಗೆ ಲ್ಯಾಟಿನ್ನಿನಲ್ಲಿ "ತ್ರಾದಿತೋರೆಸ್" ಎಂಬ ಹೆಸರು ಬಿತ್ತು, ಎಂದರೆ ಒಪ್ಪಿಸಿಬಿಟ್ಟವರು. ಅಂಥವರಿಂದ ಅಭಿಷೇಕ ಪಡೆದವನು ನಿಜವಾದ ಬಿಷಪನೇ ಎಂಬ ಜಗಳದಿಂದ ಉತ್ತರ ಆಫ್ರಿಕದ ಸಭೆ ಎರಡಾಗಿ ಸೀಳಿತು. ಅಲ್ಲವೆಂದ ಬಣಕ್ಕೆ ಅದರ ಮುಖಂಡ ಡೊನೇಟಸನ ಹೆಸರೇ ಅಂಟಿಕೊಂಡಿತು. ಈ ಪುಟ ಓದುವಾಗ ನನ್ನ ಮುಖ ಬಿಸಿಯಾಯಿತು. ಮನೆಯವರೆಗೂ ಹೋಗಿ ಪುಸ್ತಕ ಒಪ್ಪಿಸಿ ಬಂದವನು ನಾನು. ನನಗೆ ಯಾವ ಚಕ್ರವರ್ತಿಯ ಭಯವೂ ಇರಲಿಲ್ಲ.

314ರಲ್ಲಿ ಈಗಿನ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ಸೇರಿದ ಬಿಷಪರ ಸಭೆ ಕೊಟ್ಟ ತೀರ್ಮಾನವನ್ನು ಎರಡೆರಡು ಸಾರಿ ಓದಿದೆ. ಗ್ರಂಥ ಒಪ್ಪಿಸಿದನೆಂದು ಬರೀ ಮಾತಿನಿಂದಲ್ಲ, ಸಾರ್ವಜನಿಕ ದಾಖಲೆಗಳಿಂದ ರುಜುವಾತಾದವನನ್ನು ಹುದ್ದೆಯಿಂದ ತೆಗೆಯಬೇಕು. ಆದರೆ ಅವನು ಮಾಡಿದ ಅಭಿಷೇಕಗಳು ಉಳಿಯುತ್ತವೆ. ಅವನ ನಂಬಿಕೆ ನಿಜವೋ ಸುಳ್ಳೋ ಎಂಬುದು ಅಲ್ಲಿ ಬರುವುದೇ ಇಲ್ಲ. ಮುಂದೆ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನು ಇದನ್ನೇ ಬೆಳೆಸಿ, ಸಭೆ ಒಳ್ಳೆಯವರೂ ಕೆಟ್ಟವರೂ ಬೆರೆತ ದೇಹ, ದೀಕ್ಷಾಸ್ನಾನದಂಥ ಸಂಸ್ಕಾರ ಕ್ರಿಸ್ತನದು, ನಡೆಸಿಕೊಡುವವನದಲ್ಲ ಎಂದ. ನನಗೆ ಇದರಿಂದ ಸಿಕ್ಕ ನೆಮ್ಮದಿ ಸಣ್ಣದಲ್ಲ. ಕಳ್ಳ ಹೇಳಿಕೊಟ್ಟ ಪಾಠದಿಂದ ಆದ ನನ್ನ ದೀಕ್ಷಾಸ್ನಾನ ಸುಳ್ಳೇ ಎಂದು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದೆ. (ಇದೇ ಅಗಸ್ಟೀನ ಡೊನೇಟಸನ ಬಣದವರನ್ನು ಬಲವಂತದಿಂದ ಒಳಗೆ ತರುವುದನ್ನು ಸಮರ್ಥಿಸಲು ಲೂಕನ 14ನೇ ಅಧ್ಯಾಯದ ಔತಣದ ಸಾಮ್ಯವನ್ನು ಬಳಸಿದ. ತಪ್ಪು ಮಾಡಿದ ಕ್ರೈಸ್ತರ ಪಟ್ಟಿಗೆ ಅವನನ್ನೂ ಸೇರಿಸಿಕೊಳ್ಳಿ.)

ನೀವೇನು ಮಾಡಬೇಕು? ನಿಮ್ಮಲ್ಲಿ ಇರುವ ಕಾಗದದ ಮೂಲ ಯಾರ ಕೈಗೂ ಹೋಗದಿರಲಿ. ಆ ಮನುಷ್ಯ ಲೆಕ್ಕದಿಂದ, ಬೋಧನೆಯಿಂದ, ವೇದಿಕೆಯಿಂದ ಇವತ್ತೇ ಕೆಳಗಿಳಿಯಲಿ, ಪಶ್ಚಾತ್ತಾಪದ ಸಾಕ್ಷಿಯನ್ನು ಆಮೇಲೆ ಕೇಳಿದರಾಯಿತು. ಲೆಕ್ಕವನ್ನು ಹೊರಗಿನವರು ನೋಡಲಿ. ಅಪರಾಧವಾಗಿದ್ದರೆ ಪೊಲೀಸರಿಗೆ ತಿಳಿಸಿ. ವಿಶ್ವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಬಾರದು ಎಂದು ಯಾರಾದರೂ ಪೌಲನ ಮಾತು ತಂದರೆ, ಅದೇ ಪೌಲ ರೋಮಿನ ಚಕ್ರವರ್ತಿ ಕೈಸರನ ಮುಂದೆಯೇ ತನ್ನ ವಿಚಾರಣೆ ಆಗಲಿ ಎಂದದ್ದನ್ನು ಅಪೊಸ್ತಲರ ಕೃತ್ಯಗಳಲ್ಲಿ ತೋರಿಸಿ. ಮೋಸಹೋದವರ ಪರವಾಗಿ ನೀವು ಕ್ಷಮಿಸಲು ಹೋಗಬೇಡಿ. ಯೇಸುವನ್ನು ಕಂಡ ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ನಮ್ಮ ಹಿರಿಯರು ಅತ್ತರು, ನಾಲ್ಕೇ ತಿಂಗಳಲ್ಲಿ ಬೇರೊಂದು ಸಭೆಯಲ್ಲಿ ಪ್ರಸಂಗ ಮಾಡಿದರು. ಅವರ ಅಳು ಸುಳ್ಳೆಂದು ನಾನು ಹೇಳಲಾರೆ. ಅದರಿಂದ ಒಂಬತ್ತು ರಸೀದಿಗಳ ಹಣ ಬರಲಿಲ್ಲ, ಅಷ್ಟೇ.

ಅವರು ಒಪ್ಪಿಕೊಂಡ ವಾರದಲ್ಲಿ ನಾನು ಆ ತಾಯಿಯ ಮನೆಗೆ ಹೋಗಿದ್ದೆ. ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ, ಅರ್ಧಕ್ಕೇ ತಡೆದರು. "ಅದು ಇರಲಿ. ಆ ಪುಸ್ತಕದಲ್ಲಿ ಏನಿತ್ತೆಂದು ನೋಡಿದವರು ನೀವು. ನೆನಪಿರುವಷ್ಟನ್ನು ಬರೆದು ಸಹಿ ಹಾಕಿ ಕೊಡಿ" ಎಂದರು. ಅಲ್ಲೇ ಕುಳಿತು ಬರೆದೆ. ಈ ಸಲ ಎರಡು ಪ್ರತಿ ಮಾಡಿ ಒಂದನ್ನು ಆಕೆಯ ಬಳಿ ಬಿಟ್ಟೆ. ಕಮಿಟಿಯವರು, ಅವನು ನಮ್ಮವನೇ ಅಲ್ಲವಲ್ಲ, ಈಗ ಇದೆಲ್ಲ ಏಕೆ ಎಂದರು. ಎರಡು ವರ್ಷ ಬಿಡದೆ ಕೇಳಿದ ಮೇಲೆ ದಿನಾಂಕ ಸಮೇತ ಬರೆದುಕೊಟ್ಟಿದ್ದ ಆರು ರಸೀದಿಗಳ ಹಣವನ್ನು ಸಭೆಯ ನಿಧಿಯಿಂದ ಕೊಟ್ಟರು. ಉಳಿದ ಮೂರರ ದಿನಾಂಕ ನನಗೆ ಇಂದಿಗೂ ನೆನಪಾಗಿಲ್ಲ.