ಒಳಚರಂಡಿ ಇಲ್ಲದ ಪಟ್ಟಣದಲ್ಲಿ ಮೂರು ಮಹಡಿಯ ಮನೆಗೆ ಸಿಮೆಂಟ್ ರಿಂಗ್ ಗುಂಡಿ ಸಾಕೇ?

ಖಂಡಿತ ಸಾಲದು. ತಳಕ್ಕೆ ಕಾಂಕ್ರೀಟ್ ಹಾಕದೆ ರಿಂಗ್ ಇಳಿಸಿದ ಗುಂಡಿ ಸೆಪ್ಟಿಕ್ ಟ್ಯಾಂಕ್ ಅಲ್ಲ. ಅದರ ಕೊಳಚೆ ನೇರವಾಗಿ ನೆಲಕ್ಕಿಳಿಯುತ್ತದೆ. ದೊಡ್ಡ ಹಿತ್ತಿಲಿನ ಒಂಟಿ ಮನೆಗೆ ಅದು ಹೇಗೋ ನಡೆಯುತ್ತಿತ್ತು. 30×40 ಅಡಿ ನಿವೇಶನದಲ್ಲಿ ನಾಲ್ಕು ಸಂಸಾರ, ಮಗ್ಗುಲಲ್ಲೇ ಕೊಳವೆಬಾವಿ ಇರುವಾಗ ನಡೆಯುವುದಿಲ್ಲ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ 20 ಜನರಿಗೆ 2,700 ಲೀಟರ್ ನೀರು ಬೇಕು; ಅದರ ಬಹುಪಾಲು ಕೊಳಚೆಯಾಗಿ ಹೊರಬರುತ್ತದೆ.

ಸೆಪ್ಟಿಕ್ ಟ್ಯಾಂಕ್ ಎಂದರೆ ನೀರು ಸೋರದ ತಳ, ಗೋಡೆ, ನಡುವೆ ಅಡ್ಡಗೋಡೆ ಹಾಕಿದ ಎರಡು ಕೋಣೆ, ಗಾಳಿ ಕೊಳವೆ. ಗಟ್ಟಿ ಅಂಶ ತಳದಲ್ಲಿ ತಂಗಿ, ಮೇಲಿನ ನೀರು ಇಂಗುಗುಂಡಿಗೆ ಹೋಗುತ್ತದೆ. ಆ ನೀರಿನಲ್ಲೂ ರೋಗಾಣುಗಳಿರುತ್ತವೆ. ಆದ್ದರಿಂದಲೇ ಭಾರತೀಯ ಮಾನಕದ ಪ್ರಕಾರ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕು. ಪಕ್ಕದ ಮನೆಯವರ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ದಯವಿಟ್ಟು ಮುಚ್ಚಳದ ಮೇಲೆ ಟೈಲ್ಸ್ ಹಾಕಿಸಬೇಡಿ. ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ವಾಹನದ ಪೈಪ್ ಅಲ್ಲಿಂದಲೇ ಇಳಿಯಬೇಕು. ಎಷ್ಟೇ ಅವಸರವಿದ್ದರೂ ಮನುಷ್ಯರನ್ನು ಒಳಗೆ ಇಳಿಸಬೇಡಿ. ಅಲ್ಲಿನ ವಿಷಾನಿಲ ನಿಮಿಷಗಳಲ್ಲಿ ಜೀವ ತೆಗೆಯುತ್ತದೆ; ಸುರಕ್ಷಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ.

ತೆಗೆದ ಹೂಳು ಎಲ್ಲಿಗೆ ಹೋಗುತ್ತದೆ ಎಂದೂ ವಿಚಾರಿಸಿ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ಇಂಥ ಹೂಳನ್ನು ಒಣಗಿಸಿ ಗೊಬ್ಬರ ಮಾಡುವ ದಾರಿ ತೋರಿಸಿತು. ನಿಮ್ಮ ಪುರಸಭೆಗೆ ಅಂಥ ವ್ಯವಸ್ಥೆ ಇಲ್ಲದಿದ್ದರೆ ವಾರ್ಡ್ ಸದಸ್ಯರನ್ನು ಕೇಳಿ, ಲಿಖಿತ ಮನವಿ ಕೊಡಿ.