ಇಲಿ ಬೀಳುವ ಮೊದಲೇ ಇಲಿಯ ರಕ್ತವನ್ನು ನೋಡುವುದೇಕೆ?

ಪ್ರಶ್ನೆ: ಮಾನ್ಯರೇ, ಕಳೆದ ತಿಂಗಳು ಆರೋಗ್ಯ ಇಲಾಖೆಯ ತಂಡವೊಂದು ನಮ್ಮ ಊರಿಗೆ ಬಂದು, ಹೊಲದ ಬದುಗಳಲ್ಲೂ ಮನೆಗಳ ಅಟ್ಟದಲ್ಲೂ ಬೋನುಗಳನ್ನಿಟ್ಟು ಇಲಿಗಳನ್ನು ಹಿಡಿದುಕೊಂಡು ಹೋಯಿತು, ನಾಯಿಗಳ ರಕ್ತವನ್ನೂ ತೆಗೆಯಿತು. ಊರಿನಲ್ಲಿ ಯಾರಿಗೂ ಕಾಯಿಲೆ ಇಲ್ಲದಿರುವಾಗ ಇದೆಲ್ಲ ಏಕೆ? ಇಲಿಗಳಿಂದ ಅಪಾಯವಿದ್ದರೆ ಪಾಷಾಣವಿಟ್ಟು ಕೊಲ್ಲಬಾರದೇ?
— ಒಬ್ಬ ರೈತರು, ಮುಳಬಾಗಿಲು ತಾಲ್ಲೂಕು

ಉತ್ತರ: ಯಾರಿಗೂ ಕಾಯಿಲೆ ಇಲ್ಲದಿರುವಾಗ ಮಾಡಿದರೆ ಮಾತ್ರ ಮುಖ್ಯವಾಗಿ ಪ್ಲೇಗಿನ ಸುಳಿವನ್ನು ಹುಡುಕುವ ಈ ಪರೀಕ್ಷೆಯಿಂದ ಪೂರ್ತಿ ಪ್ರಯೋಜನ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದಿಂದಲೂ ನಮ್ಮ ಹಿರಿಯರು ‘ಇಲಿ ಬಿತ್ತು’ (ಅಂದರೆ ಇಲಿ ಸತ್ತು ಬಿತ್ತು) ಎಂದೊಡನೆ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅವರ ತಿಳಿವಳಿಕೆ ಸರಿಯಾಗಿಯೇ ಇತ್ತು, ಆದರೆ ಸೂಚನೆ ತಡವಾಗಿ ಸಿಗುತ್ತಿತ್ತು. ಮನೆಯ ಇಲಿ ಸತ್ತು ಮೈ ತಣ್ಣಗಾದಾಗ ಅದರ ಮೇಲಿದ್ದ, ರೋಗಾಣು ಹೊತ್ತ ಚಿಗಟಗಳು ಬೇರೆ ಬಿಸಿರಕ್ತವನ್ನು ಹುಡುಕಿಕೊಂಡು ಮನುಷ್ಯರ ಮೇಲೆ ಹಾರುತ್ತವೆ.

ರೋಗಾಣು ಮಾತ್ರ ಮನೆಯ ಇಲಿಯಲ್ಲಿ ಹುಟ್ಟಿಕೊಳ್ಳುವುದಿಲ್ಲ. ಹೊಲದ ಬಿಲಗಳಲ್ಲಿರುವ, ಬಾಲದ ತುದಿಯಲ್ಲಿ ಕೂದಲ ಕುಚ್ಚುಳ್ಳ ಟಟೇರಾ ಇಂಡಿಕಾ ಎಂಬ ಕಾಡಿಲಿಯಲ್ಲಿ ಅದು ಸದ್ದಿಲ್ಲದೆ ಉಳಿದಿರುತ್ತದೆ; ಅಲ್ಲಿಂದ ಹೆಗ್ಗಣಗಳಿಗೆ, ಕೊನೆಗೆ ಅಟ್ಟದ ಇಲಿಗಳಿಗೆ ದಾಟುತ್ತದೆ. ಕೋಲಾರ, ಚಿತ್ತೂರು, ಕೃಷ್ಣಗಿರಿ ಕೂಡುವ ನಿಮ್ಮ ಸೀಮೆ ಹಿಂದೆ ಪ್ಲೇಗಿನ ನೆಲೆಗಳಲ್ಲಿ ಒಂದಾಗಿದ್ದುದರಿಂದಲೇ ಇಲ್ಲಿ ಹೊಲವನ್ನೂ ಮನೆಯನ್ನೂ ಒಟ್ಟಿಗೆ ನೋಡುತ್ತಾರೆ.

ಸಂಜೆ ಇಟ್ಟ ಬೋನನ್ನು ಬೆಳಿಗ್ಗೆ ಬಟ್ಟೆಯ ಚೀಲದೊಳಗೆ ಸೇರಿಸಿ, ಇಲಿಗೆ ಅರಿವಳಿಕೆ ಕೊಟ್ಟು, ಬಿಳಿಯ ತಟ್ಟೆಯ ಮೇಲೆ ಅದರ ಮೈ ಬಾಚಿ ಚಿಗಟಗಳನ್ನು ಎಣಿಸುತ್ತಾರೆ. ಇಲಿಗೆ ಸರಾಸರಿ ಒಂದಕ್ಕಿಂತ ಹೆಚ್ಚು ಕ್ಸೆನಾಪ್ಸಿಲ್ಲಾ ಚಿಯೋಪಿಸ್ ಜಾತಿಯ ಚಿಗಟ ಸಿಕ್ಕರೆ, ರೋಗಾಣು ಬಂದಲ್ಲಿ ಹರಡಲು ದಾರಿ ಸಿದ್ಧವಾಗಿದೆ ಎಂದು ಲೆಕ್ಕ. ಇಲಿಯ ಗುಲ್ಮದಲ್ಲಿ (ಹೊಟ್ಟೆಯೊಳಗಿನ ಸ್ಪ್ಲೀನ್ ಎಂಬ ಅಂಗದಲ್ಲಿ) ಪ್ಲೇಗಿನ ರೋಗಾಣುವನ್ನು ಹುಡುಕುತ್ತಾರೆ. ಅದೇ ಇಲಿಯ ಮೂತ್ರಪಿಂಡವನ್ನು ಪರೀಕ್ಷಿಸಿದರೆ ಲೆಪ್ಟೋಸ್ಪೈರಾ, ಅಂದರೆ ನಾವು ‘ಇಲಿ ಜ್ವರ’ ಎನ್ನುವ ಕಾಯಿಲೆಯ ಜೀವಿಯೂ ಪತ್ತೆಯಾಗಬಹುದು. ಅದು ಇಲಿಗೆ ಹೆಚ್ಚೇನೂ ತೊಂದರೆ ಕೊಡದೆ ಮೂತ್ರದ ಮೂಲಕ ಗದ್ದೆಯ ನೀರನ್ನು ಸೇರುತ್ತದೆ. ಇನ್ನು ನಾಯಿಯ ವಿಷಯ: ಇಲಿಗಳನ್ನು ಹಿಡಿದು ತಿನ್ನುವ ನಾಯಿಗೆ ಪ್ಲೇಗು ತಗುಲಿದರೂ ಅದು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಆದರೆ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಎದುರಿಸಲು ಮೈ ತಯಾರಿಸಿದ ವಸ್ತುಗಳು, ಉಳಿಯುತ್ತವೆ. ಆದ್ದರಿಂದ ನೂರಾರು ಇಲಿಗಳನ್ನು ಹಿಡಿದರೂ ತಪ್ಪಿಹೋಗಬಹುದಾದ ಸುಳಿವು ಕೆಲವು ನಾಯಿಗಳ ರಕ್ತದಲ್ಲಿ ಸಿಗಬಹುದು. (ನಾಯಿಗೆ ಹಾಕಿದ ಅನ್ನಕ್ಕೆ ಅದು ಹೀಗೂ ಋಣ ತೀರಿಸುತ್ತದೆ.)

ಪ್ರತಿಕಾಯ ಕಂಡಿತೆಂದರೆ ಊರಿಗೆ ಪ್ಲೇಗು ಬಂತೆಂದು ಅರ್ಥವಲ್ಲ. ಆ ಪ್ರಾಣಿಗೆ ಎಂದೋ ಸೋಂಕು ತಗುಲಿತ್ತು ಎಂದಷ್ಟೇ ಅದು ಹೇಳುತ್ತದೆ. ಹಾಗೆಯೇ, ಬಹುಕಾಲ ಏನೂ ಕಾಣದಿದ್ದರೆ ರೋಗ ಅಳಿದುಹೋಯಿತೆಂದೂ ಅಲ್ಲ. 1966ರ ನಂತರ ದೇಶದಲ್ಲಿ ಮನುಷ್ಯರ ಪ್ಲೇಗು ವರದಿಯಾಗದೆ 28 ವರ್ಷ ಕಳೆದು, ಹಲವರು ಅದನ್ನು ಮರೆತೇಬಿಟ್ಟಿದ್ದಾಗ, 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಮ್ಲಾ ಹಳ್ಳಿಯಲ್ಲಿ ಮೊದಲು ಇಲಿಗಳು ಬಿದ್ದವು, ಚಿಗಟಗಳ ಕಾಟ ಹೆಚ್ಚಿತು, ಆಮೇಲೆ ಜನರಿಗೆ ಜ್ವರ ಬಂತು.

ಪಾಷಾಣದ ವಿಷಯದಲ್ಲಿ ನಿಮ್ಮ ಸಲಹೆಯನ್ನು ನಾನು ಒಪ್ಪಲಾರೆ. ಪ್ಲೇಗಿನ ಅನುಮಾನವಿರುವಲ್ಲಿ ಚಿಗಟಗಳನ್ನು ಬಿಟ್ಟು ಇಲಿಗಳನ್ನಷ್ಟೇ ಕೊಂದರೆ, ಇಲಿ ತಾನಾಗಿ ಸತ್ತಾಗ ಏನಾಗುವುದೋ ಅದನ್ನೇ ನಾವು ಕೈಯಾರೆ ಮಾಡಿದಂತಾಗುತ್ತದೆ. ಮೊದಲು ಬಿಲಗಳಿಗೂ ಇಲಿ ಓಡಾಡುವ ದಾರಿಗೂ ಕೀಟನಾಶಕದ ಪುಡಿ ಹಾಕಿ ಚಿಗಟಗಳನ್ನು ತಗ್ಗಿಸಬೇಕು. ವಿಷದ ಸರದಿ ಅದಾದ ಮೇಲೆ. ಒಂದೇ ಕಡೆ ಹಲವು ಇಲಿಗಳು ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಗುಡಿಸಿ ತಿಪ್ಪೆಗೂ ಹಾಕಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಿ.

ಪ್ರಶ್ನೆ: ಇಲಿಗಳ ಜೊತೆ ಸುಂಡಿಲಿಯನ್ನೂ ಪರೀಕ್ಷೆಗೆ ಒಯ್ಯುತ್ತಾರಂತೆ. ಅದೂ ಇಲಿಯೇ?
— ಒಬ್ಬ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅಲ್ಲ. ಹುಳುಹುಪ್ಪಟೆ ತಿನ್ನುವ ಸುಂಡಿಲಿ ಇಲಿ, ಹೆಗ್ಗಣ, ಅಳಿಲುಗಳಂಥ ದಂಶಕಗಳ ಗುಂಪಿಗೆ ಸೇರುವುದಿಲ್ಲ. ಆದರೂ ಅದೇ ಬೋನಿಗೆ ಬೀಳುತ್ತದೆ, ಅದನ್ನು ಬಿಟ್ಟುಕಳಿಸುವುದು ಜಾಣತನವಲ್ಲ. ವೆಲ್ಲೂರಿನ ತೋಟಪಾಳಯಂನಲ್ಲಿ 1964ರಲ್ಲಿ ಸಿಕ್ಕ ಸುಂಡಿಲಿಯೊಂದರಿಂದ ಬೇರ್ಪಡಿಸಿದ ವೈರಸ್ಸು ಇಲಿಗಳಂಥ ಪ್ರಾಣಿಗಳಲ್ಲಿ ನೆಲೆಸುವ ಹಂಟಾ ವೈರಸ್ಸಿನ ಬಳಗದ್ದು ಎಂದು ಬಹಳ ಕಾಲದ ನಂತರ ಗೊತ್ತಾಯಿತು. ನಿಮ್ಮ ಜಿಲ್ಲೆಯ ಮಂಗನ ಕಾಯಿಲೆಯ ವೈರಸ್ಸು ಕೂಡ ಕಾಡಿನ ಇಲಿಗಳಲ್ಲಿ ಮಾತ್ರವಲ್ಲದೆ ಸುಂಡಿಲಿಯಲ್ಲಿಯೂ ಕಂಡುಬಂದಿದೆ.